ಬಾಯಿಯ ಉರಿ, ಮೈಯ ತುರಿಕೆ: ಲೈಕನ್ ಪ್ಲೇನಸ್ ಎಂಬ ಕಾಯಿಲೆ



ಬಾಯಿ ಉರಿದರೆ ನಾವು ‘ಉಷ್ಣ’ ಎನ್ನುತ್ತೇವೆ. ಕೈ ತುರಿಸಿದರೆ ‘ಹುಳುಕಡ್ಡಿ’ ಎನ್ನುತ್ತೇವೆ. ಉಷ್ಣಕ್ಕೆ ಎಳನೀರು, ಹುಳುಕಡ್ಡಿಗೆ ಮದ್ದಿನ ಅಂಗಡಿಯ ಟ್ಯೂಬು. ಬಾಯಿಯ ಉರಿಗೂ ಕೈಯ ತುರಿಕೆಗೂ ಒಂದೇ ಬೇರು ಇರಬಹುದೆಂದು ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಹಾಗೆ ಎರಡನ್ನೂ ಸೇರಿಸಿ ಬರುವ ಒಂದು ಕಾಯಿಲೆಯ ವಿಷಯವನ್ನು ಈ ದಿನ ನಿಮ್ಮ ಮುಂದೆ ಇಡುತ್ತೇನೆ. ಅದರ ಹೆಸರು ಲೈಕನ್ ಪ್ಲೇನಸ್.

ನಾನು ವೈದ್ಯನಲ್ಲ. ಹತ್ತನೆಯ ತರಗತಿ ಮುಗಿಸಿ ಬ್ಯಾಂಕಿಗೆ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಈ ಕಾಯಿಲೆಯ ಮಟ್ಟಿಗೆ ಮಾತ್ರ ನಾನು ಕೌಂಟರಿನ ಆಚೆ ಬದಿಯವನು, ಅಂದರೆ ಖಾತೆದಾರ. ಹನ್ನೊಂದು ವರ್ಷದಿಂದ ಖಾತೆ ಚಾಲ್ತಿಯಲ್ಲಿದೆ. ವೈದ್ಯರು ಹೇಳಿದ್ದು, ಕೇಳಿ ತಿಳಿದದ್ದು, ಅನುಭವಿಸಿದ್ದು ಇಷ್ಟೇ ನನ್ನ ಬಂಡವಾಳ.

ಮೊದಲು ಹೆಸರಿನ ಅರ್ಥ ನೋಡೋಣ. ತೆಂಗಿನ ಮರದ, ಅಡಿಕೆ ಮರದ ಕಾಂಡದ ಮೇಲೆ ಬೂದಿ ಬಣ್ಣದ ಚಪ್ಪಟೆ ಪಟ್ಟೆಗಳು ಅಂಟಿಕೊಂಡಿರುವುದನ್ನು ನೀವೆಲ್ಲ ಕಂಡಿದ್ದೀರಿ. ಕಲ್ಲುಹೂವಿನ ಜಾತಿಗೆ ಸೇರಿದ ಅದಕ್ಕೆ ಇಂಗ್ಲಿಷಿನಲ್ಲಿ ಲೈಕನ್ ಎಂದು ಹೆಸರು. ಪ್ಲೇನಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಚಪ್ಪಟೆ. 1869ರಲ್ಲಿ ಲಂಡನ್ನಿನ ಎರಾಸ್ಮಸ್ ವಿಲ್ಸನ್ ಎಂಬ ಚರ್ಮವೈದ್ಯರು ಈ ಹೆಸರಿಟ್ಟರು. ಹೆಸರು ಕೇಳಿ ಮೈಮೇಲೆ ಪಾಚಿ ಬೆಳೆಯುತ್ತದೆ ಎಂದು ಹೆದರಬೇಡಿ. ನೋಟಕ್ಕೆ ಹಾಗೆ ಕಾಣುತ್ತದೆ, ಅಷ್ಟೇ.

ಚರ್ಮದಲ್ಲಿ ಇದು ಮಣಿಕಟ್ಟಿನ ಒಳಬದಿ, ಪಾದದ ಗಂಟಿನ ಸುತ್ತ, ಮೊಣಕಾಲಿನ ಕೆಳಗೆ, ಸೊಂಟದ ಹಿಂದೆ ಹೆಚ್ಚಾಗಿ ಬರುತ್ತದೆ. ಸಣ್ಣ ಸಣ್ಣ ಗುಳ್ಳೆಗಳು, ತಲೆ ಚಪ್ಪಟೆ, ಅಂಚು ಮೂಲೆಮೂಲೆಯಾಗಿ, ಮೇಲೆ ಒಂದು ಬಗೆಯ ಹೊಳಪು. ಬಿಳಿಯರ ಮೈಯಲ್ಲಿ ನೇರಳೆ ಬಣ್ಣ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಮೈಬಣ್ಣದಲ್ಲಿ ಅದು ಕಪ್ಪುಮಿಶ್ರಿತ ನೇರಳೆಯಾಗಿ, ಕೆಲವೊಮ್ಮೆ ಬರೇ ಬೂದಿಗಪ್ಪಾಗಿ ಕಾಣುತ್ತದೆ. ತುರಿಕೆಯೋ, ರಾತ್ರಿ ನಿದ್ದೆಗೆಡಿಸುವಷ್ಟು. ಹಾಗೆಂದು ಉಗುರು ಹಾಕಿ ಕೆರೆದರೆ, ಕೆರೆದ ಗೆರೆಯುದ್ದಕ್ಕೂ ಹೊಸ ಗುಳ್ಳೆಗಳು ಸಾಲಾಗಿ ಏಳುತ್ತವೆ. ಇದು ಈ ಕಾಯಿಲೆಯ ಒಂದು ಗುರುತೇ ಹೌದು. ಚರ್ಮದ್ದು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನೇ ಅಡಗುತ್ತದೆ. ಕಪ್ಪು ಕಲೆ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಕೆಲವರಿಗೆ ಉಗುರು ತೆಳ್ಳಗಾಗಿ ಸೀಳುತ್ತದೆ, ಕೆಲವರಿಗೆ ನೆತ್ತಿಯಲ್ಲಿ ಕೂದಲು ಉದುರಿ ಆ ಜಾಗ ಬೋಳಾಗುತ್ತದೆ. ಉಗುರು ಮತ್ತು ನೆತ್ತಿಯದ್ದಾದರೆ ಬೇಗ ತೋರಿಸಬೇಕು. ಯಾಕೆಂದರೆ ಅಲ್ಲಿ ಆದ ಹಾನಿ ಮತ್ತೆ ಸರಿಯಾಗುವುದು ಕಷ್ಟ.

ಬಾಯಿಯದ್ದೇ ಬೇರೆ ಕಥೆ. ಎರಡೂ ಕೆನ್ನೆಯ ಒಳಬದಿಯಲ್ಲಿ, ದವಡೆ ಹಲ್ಲಿಗೆ ತಾಗುವ ಕಡೆ, ಜೇಡನ ಬಲೆಯಂತೆ ಅಥವಾ ಕಸೂತಿಯಂತೆ ಸಣ್ಣ ಬಿಳಿ ಗೆರೆಗಳು ಹೆಣೆದುಕೊಂಡಿರುತ್ತವೆ. ಈ ಗೆರೆಗಳನ್ನು 1895ರಲ್ಲಿ ವಿವರಿಸಿದ ಫ್ರಾನ್ಸಿನ ವೈದ್ಯ ವಿಕಮ್ ಅವರ ಹೆಸರಿನಿಂದ ಇವತ್ತಿಗೂ ಕರೆಯುತ್ತಾರೆ. ಬರೇ ಬಿಳಿ ಗೆರೆ ಇದ್ದರೆ ಹೆಚ್ಚಿನವರಿಗೆ ನೋವೇ ಇಲ್ಲ. ಹಲ್ಲಿನ ಡಾಕ್ಟರು ಬೇರೆ ಕೆಲಸಕ್ಕೆ ಬಾಯಿ ತೆರೆಸಿದಾಗ ಕಂಡುಹಿಡಿಯುತ್ತಾರೆ. ಗೆರೆಗಳ ನಡುವೆ ಚರ್ಮ ತೆಳುವಾಗಿ ಕೆಂಪಾದರೆ, ಇಲ್ಲವೆ ಸವೆದು ಹುಣ್ಣಾದರೆ, ಆಗ ಶುರುವಾಗುತ್ತದೆ ಉರಿ. ಗಾಂಧಾರಿ ಮೆಣಸು ಹಾಗಿರಲಿ, ಒಗ್ಗರಣೆಯ ಒಂದು ಒಣಮೆಣಸಿನ ಚೂರು ತಾಗಿದರೂ ಕಣ್ಣಲ್ಲಿ ನೀರು. ವಸಡು ಕೆಂಪಾಗಿ ಸಿಪ್ಪೆ ಏಳುವುದೂ ಉಂಟು. ಮೂವತ್ತರಿಂದ ಅರುವತ್ತರ ಪ್ರಾಯದಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಚರ್ಮದ್ದು ಬಂದು ಹೋಗುವ ನೆಂಟನಾದರೆ ಬಾಯಿಯದ್ದು ಮನೆಯಲ್ಲೇ ಉಳಿಯುವ ನೆಂಟ. ಹತ್ತು, ಹದಿನೈದು ವರ್ಷ ಇರಬಹುದು. ಏರಿಳಿತ ಇದ್ದೇ ಇರುತ್ತದೆ.

ಇದು ಯಾಕೆ ಬರುತ್ತದೆ? ನಮ್ಮ ರಕ್ತದ ಬಿಳಿಕಣಗಳು ದೇಹದ ಕಾವಲುಗಾರರು. ಬ್ಯಾಂಕಿನ ಬಾಗಿಲಿನಲ್ಲಿ ಕೋವಿ ಹಿಡಿದು ನಿಂತವನ ಹಾಗೆ ಹೊರಗಿನ ಕಳ್ಳನನ್ನು ತಡೆಯುವುದು ಅವುಗಳ ಕೆಲಸ. ಒಂದು ದಿನ ಆ ಕಾವಲುಗಾರನಿಗೆ ಏನೋ ಭ್ರಮೆಯಾಗಿ, ಇಪ್ಪತ್ತು ವರ್ಷದಿಂದ ಬರುವ ಖಾತೆದಾರನನ್ನೇ ಕಳ್ಳನೆಂದು ಹಿಡಿದು ಹೊಡೆಯತೊಡಗಿದರೆ ಹೇಗೆ? ಇಲ್ಲಿ ಆಗುವುದು ಅದೇ. ಟಿ ಕಣಗಳೆಂಬ ಒಂದು ವರ್ಗದ ಬಿಳಿಕಣಗಳು ಚರ್ಮದ ಮತ್ತು ಬಾಯಿಯ ಒಳಪೊರೆಯ ತಳಪದರದ ಮೇಲೆ ಬೀಳುತ್ತವೆ. ಕಾವಲುಗಾರನಿಗೆ ಈ ಭ್ರಮೆ ಯಾಕೆ ಬಂತೆಂಬುದಕ್ಕೆ ಒಂದೇ ಉತ್ತರ ಇಲ್ಲ. ಕೆಲವರಲ್ಲಿ ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಸೋಂಕು ಜೊತೆಗಿರುತ್ತದೆ, ಹಾಗಾಗಿ ವೈದ್ಯರು ಕೆಲವೊಮ್ಮೆ ಆ ರಕ್ತಪರೀಕ್ಷೆಗೆ ಬರೆಯುತ್ತಾರೆ. ಮನಸ್ಸಿನ ಚಿಂತೆ ಹೆಚ್ಚಾದಾಗ ಬಾಯಿ ಕೆರಳುವುದನ್ನು ಬಹಳ ರೋಗಿಗಳು ಹೇಳುತ್ತಾರೆ. ತೋಟಕ್ಕೆ ಕೊಳೆರೋಗ ಬಂದ ವರ್ಷ ನನ್ನ ಬಾಯಿಯೂ ಕೊಳೆತಂತೆ ಇತ್ತು, ಅಡಿಕೆಗೆ ಬೋರ್ಡೊ ದ್ರಾವಣ ಆದರೂ ಇದೆ!

ಒಂದು ವಿಷಯ ಮಾತ್ರ ಖಂಡಿತ. ಇದು ಅಂಟುಜಾಡ್ಯ ಅಲ್ಲ. ಒಂದೇ ಲೋಟದಲ್ಲಿ ಕುಡಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಮಗುವಿಗೆ ಮುತ್ತು ಕೊಟ್ಟರೆ ಬರುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣ ಇದೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಸೊಸೆಯ ಕೈಯ ಕಪ್ಪು ಗುಳ್ಳೆ ಕಂಡು ಆಕೆಯ ತಟ್ಟೆ, ಲೋಟ, ಬೈರಾಸು ಎಲ್ಲ ಬೇರೆ ಮಾಡಿದರು. ಆಕೆ ಅಡಿಗೆ ಮಾಡಬಹುದು, ಬಡಿಸಬಾರದು! ಎಂಟು ತಿಂಗಳು ಹೀಗೆ ನಡೆಯಿತು. ಕೊನೆಗೆ ಚರ್ಮದ ಡಾಕ್ಟರು ಅತ್ತೆಯನ್ನೂ ಒಳಗೆ ಕರೆದು, ಸೊಸೆಯ ಕೈಯನ್ನು ತಮ್ಮ ಬರಿಗೈಯಲ್ಲಿ ಹಿಡಿದು ತೋರಿಸಿದ ಮೇಲೆ ತಟ್ಟೆ ಒಂದಾಯಿತು. ಗುಳ್ಳೆ ಹೋದದ್ದು ಮತ್ತೆ ಒಂದು ವರ್ಷ ಕಳೆದು.

ಇನ್ನು ಬಾಯಿಯಲ್ಲಿ ಬಿಳಿ ಕಂಡದ್ದೆಲ್ಲ ಲೈಕನ್ ಪ್ಲೇನಸ್ ಅಲ್ಲ. ವೀಳ್ಯ, ಹೊಗೆಸೊಪ್ಪು ಜಗಿಯುವವರ ಕೆನ್ನೆಯಲ್ಲಿ ಒಂದೇ ಕಡೆ ದಪ್ಪ ಬಿಳಿ ಪಟ್ಟೆ ಬಂದರೆ ಅದು ಬೇರೆ, ಅದರಲ್ಲಿ ಅಪಾಯವೂ ಹೆಚ್ಚು. ಅಡಿಕೆ ಜಗಿದು ಜಗಿದು ಕೆನ್ನೆ ಹಲಗೆಯಂತೆ ಗಟ್ಟಿಯಾಗಿ, ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾದರೆ ಅದು ಇನ್ನೊಂದು. ಅಡಿಕೆಯನ್ನೇ ನಂಬಿ ಬದುಕುವ ಕಾಸರಗೋಡಿನವನಾಗಿ ಈ ಮಾತು ಹೇಳಲು ನನಗೆ ಸಂಕೋಚ ಉಂಟು. ಆದರೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಸೊಪ್ಪು ಇಲ್ಲದ ಬರೇ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿ 2004ರಲ್ಲಿ ಪ್ರಕಟಿಸಿದೆ. ತೋಟ ಕಡಿಯಿರಿ ಎಂದು ನಾನು ಹೇಳುತ್ತಿಲ್ಲ. ಮೊದಲೇ ಸವೆದ ಬಾಯಿಗೆ ಅದನ್ನು ಹಾಕಬೇಡಿ ಎನ್ನುತ್ತೇನೆ.

ರಕ್ತದೊತ್ತಡದ ಕೆಲವು ಮಾತ್ರೆಗಳು, ಕೆಲವು ನೋವಿನ ಮಾತ್ರೆಗಳು, ಮಲೇರಿಯದ ಮದ್ದು ಇವುಗಳಿಂದಲೂ ಇಂಥದೇ ಗೆರೆ, ಗುಳ್ಳೆ ಬರುವುದುಂಟು. ಹಲ್ಲಿಗೆ ತುಂಬಿಸಿದ ಬೆಳ್ಳಿಬಣ್ಣದ ಸಿಮೆಂಟು ತಾಗುವಲ್ಲಿ ಮಾತ್ರ ಪಟ್ಟೆ ಬಂದಿದ್ದರೆ ಅದನ್ನು ಬದಲಿಸಿದರೆ ಗುಣವಾಗಬಹುದು. ಆದ್ದರಿಂದ ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಒಂದು ಚೀಲದಲ್ಲಿ ಹಾಕಿ ವೈದ್ಯರಿಗೆ ತೋರಿಸಿ. ನೀವಾಗಿಯೇ ಬಿ.ಪಿ. ಮಾತ್ರೆ ನಿಲ್ಲಿಸಬೇಡಿ.

ಬಾಯಿಯೊಳಗೆ ಹುಣ್ಣುಗಳು ಹರಡುತ್ತಾ ಹೋಗಿ, ಮೈಮೇಲೆ ನೀರು ತುಂಬಿದ ಬೊಕ್ಕೆಗಳೆದ್ದು, ಮುಟ್ಟಿದರೆ ಒಡೆದು ಚರ್ಮ ಸುಲಿದುಬಂದರೆ ಅದು ಪೆಂಫಿಗಸ್ ಎಂಬ ಬೇರೆ ಕಾಯಿಲೆ. ಅದೂ ಕಾವಲುಗಾರನ ಭ್ರಮೆಯೇ, ಆದರೆ ಜೀವಕ್ಕೇ ಅಪಾಯ. ಹಿಂದೆ ಅದು ಬಂದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. ಸ್ಟೀರಾಯ್ಡ್ ಔಷಧಿ ಬಂದ ಮೇಲೆ, ಮತ್ತೆ 1980ರ ದಶಕದಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಡಾ. ಜೆ. ಎಸ್. ಪಸ್ರಿಚಾ ಅವರು ತಿಂಗಳಿಗೊಮ್ಮೆ ಮದ್ದನ್ನು ನರಕ್ಕೆ ಕೊಡುವ ಕ್ರಮ ಬಳಕೆಗೆ ತಂದ ಮೇಲೆ, ನಮ್ಮ ದೇಶದಲ್ಲಿ ಸಾವಿರಾರು ಮಂದಿ ಬದುಕಿದ್ದಾರೆ. ಅಂಥ ಬೊಕ್ಕೆ ಕಂಡರೆ ವಾರ ಕಾಯಬೇಡಿ, ಅಂದೇ ಹೊರಡಿ.

ಹಾಗಾದರೆ ಯಾವುದು ಯಾವುದೆಂದು ತಿಳಿಯುವುದು ಹೇಗೆ? ಕಣ್ಣಿಗೆ ಸಂಶಯ ಉಳಿದಾಗ ವೈದ್ಯರು ಬಯಾಪ್ಸಿ ಮಾಡುತ್ತಾರೆ. ಆ ಜಾಗಕ್ಕೆ ಮರಗಟ್ಟಿಸುವ ಸೂಜಿ ಕೊಟ್ಟು, ಅಕ್ಕಿಕಾಳಿನಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಲ್ಲು ಕೀಳಿಸಿದಷ್ಟೂ ಕಷ್ಟವಿಲ್ಲ. ಇಷ್ಟಕ್ಕೆ ನಮ್ಮ ಜನ ಹೆದರುವ ಹೆದರಿಕೆ ನೋಡಬೇಕು! ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂದು ಒಬ್ಬರು, ಚೂರು ತೆಗೆದರು ಎಂದರೇ ಕ್ಯಾನ್ಸರ್ ಎಂದು ಇನ್ನೊಬ್ಬರು. ಎರಡೂ ಸುಳ್ಳು.

ನಮ್ಮ ದೊಡ್ಡಮ್ಮನ ಮಗಳು, ನನಗಿಂತ ಹಿರಿಯಳು, ನಾನು ಅಕ್ಕ ಎಂದೇ ಕರೆಯುವುದು. ಹದಿನಾಲ್ಕು ತಿಂಗಳು ಬಾಯಿಯ ಸುದ್ದಿ ಯಾರಿಗೂ ಹೇಳಲಿಲ್ಲ. ಎಲ್ಲರೂ ಉಂಡ ಮೇಲೆ ಅಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ತಣಿದ ಗಂಜಿ ಕುಡಿಯುತ್ತಿದ್ದಳು. ಮೈ ಇಳಿಯಿತು. ಮಗ ಕೇಳಿದರೆ “ಹಲ್ಲಿಲ್ಲದ ಬಾಯಿ, ಇನ್ನೇನು ತಿನ್ನುವುದು” ಎನ್ನುತ್ತಿದ್ದಳು. ನಾನೂ ಗಂಜಿಯ ಗಿರಾಕಿಯೇ ಆದ್ದರಿಂದ ನನಗೆ ಗುಮಾನಿ ಬಂತು. “ಅಕ್ಕಾ, ಬಾಯಿ ತೆರೆ ನೋಡುವ” ಎಂದೆ. “ನಿನಗೆ ಯಾಕೆ ಅದೆಲ್ಲ, ಆಗುವುದು ಆಗಲಿ, ಮಗನಿಗೆ ಖರ್ಚು ಮಾಡಿಸುವುದಿಲ್ಲ” ಎಂದಳು. ಆಗ ನನ್ನ ಕೆನ್ನೆ ಎಳೆದು ನನ್ನ ಬಾಯಿಯ ಬಿಳಿ ಗೆರೆಗಳನ್ನು ಅವಳಿಗೆ ತೋರಿಸಿದೆ. ಬಹಳ ಹೊತ್ತು ನೋಡಿದಳು. “ನಿನಗೂ ಉಂಟೋ? ಎಷ್ಟು ವರ್ಷ ಆಯಿತು?” ಎಂದು ಕೇಳಿದಳು. ಮರುವಾರ ಡಾಕ್ಟರಲ್ಲಿಗೆ ಬಂದಳು. ಅವಳದ್ದೂ ಇದೇ ಎಂದಾಯಿತು.

ಹಾಗಾದರೆ ಇದು ಕ್ಯಾನ್ಸರ್ ಆಗುವುದೇ ಇಲ್ಲವೋ ಎಂದು ನೀವು ಕೇಳಿದರೆ, ಲೆಕ್ಕ ಹಿಡಿದವನಾಗಿ ಲೆಕ್ಕವನ್ನೇ ಹೇಳುತ್ತೇನೆ. ಬಾಯಿಯ ಲೈಕನ್ ಪ್ಲೇನಸ್ ಇರುವ ನೂರು ಮಂದಿಯಲ್ಲಿ ಒಬ್ಬರ ಆಸುಪಾಸು, ಅದೂ ಹಲವು ವರ್ಷಗಳ ಅವಧಿಯಲ್ಲಿ, ಬಾಯಿಯ ಕ್ಯಾನ್ಸರಿಗೆ ತಿರುಗುತ್ತದೆ. ಕೆಂಪಾಗಿ ಸವೆದ ಜಾತಿಯದ್ದರಲ್ಲಿ, ಬೀಡಿ ಸೇದುವವರಲ್ಲಿ, ಕುಡಿಯುವವರಲ್ಲಿ ಹೆಚ್ಚು. ತೊಂಬತ್ತೊಂಬತ್ತು ಮಂದಿಗೆ ಆಗುವುದಿಲ್ಲ. ಆದರೆ ಆ ಒಬ್ಬರು ಯಾರೆಂದು ಮೊದಲೇ ಗೊತ್ತಾಗುವುದಿಲ್ಲವಲ್ಲ? ಅದಕ್ಕಾಗಿ ಎಲ್ಲರೂ ಆರು ತಿಂಗಳಿಗೊಮ್ಮೆ, ಹೆಚ್ಚೆಂದರೆ ವರ್ಷಕ್ಕೊಮ್ಮೆ, ನೋವಿರಲಿ ಇಲ್ಲದಿರಲಿ, ಬಾಯಿ ತೋರಿಸಲೇಬೇಕು. ನಮ್ಮ ಶಾಖೆಯ ಹಳೆಯ ಗಿರಾಕಿಯೊಬ್ಬರಿಗೆ ಇದೇ ಕಾಯಿಲೆ ಇತ್ತು. ಕ್ಯಾನ್ಸರ್ ಅಲ್ಲ ಎಂದು ಡಾಕ್ಟರು ಹೇಳಿದ ದಿನವೇ ಅವರು ಚೀಟಿ ಹರಿದು ಬಿಸಾಡಿದರು. ಬೀಡಿ ಬಿಡಲಿಲ್ಲ. ಐದು ವರ್ಷ ಕಳೆದು ನಾಲಿಗೆಯ ಬದಿಯಲ್ಲಿ ಗಟ್ಟಿ ಹುಣ್ಣು ಬಂದ ಮೇಲೆ ಹೋದರು. ಶಸ್ತ್ರಕ್ರಿಯೆ ಆಯಿತು, ಜೀವ ಉಳಿಯಿತು. ಈಗ ಅವರ ಮಾತು ಮನೆಯವರಿಗೆ ಮಾತ್ರ ತಿಳಿಯುತ್ತದೆ.

ಎರಡು ತಪಾಸಣೆಗಳ ನಡುವೆಯೂ ಕಣ್ಣಿಡಿ. ಮೂರು ವಾರ ಕಳೆದರೂ ಮಾಯದ ಹುಣ್ಣು, ಬೆರಳಿಗೆ ಗಟ್ಟಿಯಾಗಿ ಸಿಗುವ ಅಂಚು, ಕಾರಣವಿಲ್ಲದೆ ರಕ್ತ, ಕುತ್ತಿಗೆಯಲ್ಲಿ ಗಡ್ಡೆ, ನಾಲಿಗೆಯ ಮರಗಟ್ಟುವಿಕೆ ಇವುಗಳಲ್ಲಿ ಒಂದು ಕಂಡರೂ ವಾಯಿದೆಯ ತಾರೀಕಿಗೆ ಕಾಯದೆ ಹೋಗಿ.

ಈಗ ಮದ್ದಿನ ವಿಷಯ. ಇದನ್ನು ಬೇರುಸಹಿತ ಕೀಳುವ ಮದ್ದು ಇಲ್ಲ. ಹಾಗೆ ಕೀಳುತ್ತೇನೆ ಎಂದು ಹೇಳಿ ಹಣ ಕೇಳುವವರು ಬೇಕಾದಷ್ಟು ಇದ್ದಾರೆ, ದೂರವಿರಿ. ಇರುವ ಮದ್ದು ಉರಿಯನ್ನು ಹದ್ದಿನಲ್ಲಿಡುತ್ತದೆ. ಬಿಳಿ ಗೆರೆ ಮಾತ್ರ ಇದ್ದು ನೋವಿಲ್ಲದಿದ್ದರೆ ಮದ್ದೇ ಬೇಡ. ಹುಣ್ಣು ಇದ್ದರೆ ಮೊದಲು ಕೊಡುವುದು ಬಾಯಿಗೆ ಹಚ್ಚುವ ಸ್ಟೀರಾಯ್ಡ್ ಪೇಸ್ಟು. ಹಚ್ಚುವುದಕ್ಕೂ ಒಂದು ಕ್ರಮ ಇದೆ, ಇದನ್ನು ಹೇಳಿಕೊಡಲು ಡಾಕ್ಟರಿಗೆ ಪುರುಸೊತ್ತು ಇರುವುದಿಲ್ಲ. ಊಟವಾಗಿ ಬಾಯಿ ಮುಕ್ಕಳಿಸಿ. ಚೊಕ್ಕ ಬಟ್ಟೆ ಅಥವಾ ಹತ್ತಿಯಿಂದ ಆ ಜಾಗದ ಜೊಲ್ಲು ಒತ್ತಿ ತೆಗೆಯಿರಿ. ಒದ್ದೆ ಗೋಡೆಗೆ ಸುಣ್ಣ ಹಿಡಿಯುತ್ತದೆಯೇ? ಹಾಗೆಯೇ ಇದೂ. ಬೆರಳ ತುದಿಯಲ್ಲಿ ಕಡಲೆಬೇಳೆಯಷ್ಟು ತೆಗೆದು ತೆಳ್ಳಗೆ ಒತ್ತಿ, ಉಜ್ಜಬೇಡಿ. ಮತ್ತೆ ಅರ್ಧ ಗಂಟೆ ನೀರು, ಊಟ ಏನೂ ಇಲ್ಲ. ರಾತ್ರಿ ಮಲಗುವಾಗ ಹಚ್ಚಿದ್ದು ಹೆಚ್ಚು ಹೊತ್ತು ನಿಲ್ಲುತ್ತದೆ. ಹಚ್ಚುತ್ತಾ ಹೋದಾಗ ಕೆಲವರಿಗೆ ಬಾಯಲ್ಲಿ ಮೊಸರಿನಂಥ ಬಿಳಿ ಪದರ ಕಟ್ಟುತ್ತದೆ, ಒರೆಸಿದರೆ ಏಳುತ್ತದೆ. ಅದು ಬೂಷ್ಟು. ಕಾಯಿಲೆ ಹೆಚ್ಚಾಯಿತೆಂದು ಗಾಬರಿಯಾಗಬೇಡಿ, ಅದಕ್ಕೆ ಬೇರೆ ಮದ್ದು ಇದೆ.

ತೀರಾ ಹೆಚ್ಚಾದಾಗ ಕೆಲವು ವಾರ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ಅದರಿಂದ ಸಕ್ಕರೆ, ಒತ್ತಡ ಏರಬಹುದು. ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಬೇಕು. ವಾರಗಟ್ಟಲೆ ನುಂಗಿದ ಮಾತ್ರೆಯನ್ನು ‘ಗುಣವಾಯಿತು’ ಎಂದು ಒಂದೇ ದಿನ ನಿಲ್ಲಿಸಲೂಬಾರದು, ಇಳಿಸುತ್ತಾ ಬರಬೇಕು. ಮೈಗೆ ಹಚ್ಚುವ ಮುಲಾಮಿನ ವಿಷಯವೂ ಹೀಗೆಯೇ. ಅಂಗಡಿಯವನು ಕೊಡುವ ‘ತುರಿಕೆಯ ಟ್ಯೂಬಿ’ನಲ್ಲಿ ಬಲವಾದ ಸ್ಟೀರಾಯ್ಡ್ ಸೇರಿರುವುದು ಮಾಮೂಲು. ನಿಜವಾದ ಹುಳುಕಡ್ಡಿಗೆ ಅದನ್ನು ಹಚ್ಚಿದರೆ ಅದು ಉಲ್ಬಣಿಸುತ್ತದೆ, ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಇಂಥ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಮಾಡಿದೆ. ನಿಯಮ ಕಾಗದದಲ್ಲಿದೆ, ಟ್ಯೂಬು ಅಂಗಡಿಯಲ್ಲಿದೆ!

ಊಟದ ಬಗ್ಗೆ ಪಟ್ಟಿ ಕೊಡುವುದಿಲ್ಲ, ಒಬ್ಬೊಬ್ಬರ ಬಾಯಿ ಒಂದೊಂದು ತರ. ಖಾರ, ಹುಳಿ, ಕುದಿಯುವ ಬಿಸಿ, ಗರಿಗರಿ ಚಕ್ಕುಲಿ ಇವು ಹೆಚ್ಚಿನವರಿಗೆ ಆಗದು. ಕುಚ್ಚಲಕ್ಕಿ ಗಂಜಿ, ತೆಂಗಿನಹಾಲು ಹಾಕಿದ ಪಾಯಸ, ಮೆಣಸು ಹಾಕದ ತಿಮರೆ ತಂಬುಳಿ, ಬೆಂದ ಸೌತೆಕಾಯಿ ನನಗೆ ಆಗುತ್ತದೆ. ಮಜ್ಜಿಗೆ ಅಂದಿನದ್ದಾದರೆ ಸರಿ, ಹುಳಿ ಬಂದದ್ದು ಉರಿಸುತ್ತದೆ. ಬಂಗುಡೆ ಪುಳಿಮುಂಚಿಯ ಪರಿಮಳ ಬಂದಾಗ ಮಾತ್ರ ಮನಸ್ಸಿಗೆ ಕಷ್ಟ, ಮೂಗಿನಲ್ಲೇ ಊಟ ಮಾಡುತ್ತೇನೆ. ಹಲ್ಲುಜ್ಜಲು ಮೆತ್ತಗಿನ ಬ್ರಶ್ಶು, ನೊರೆ ಮತ್ತು ಪುದೀನ ಘಾಟು ಕಡಿಮೆ ಇರುವ ಪೇಸ್ಟು. ಉಪ್ಪು, ಮಸಿ, ಇಟ್ಟಿಗೆ ಪುಡಿ ಬೇಡ. ಉರಿಯುತ್ತದೆಂದು ಹಲ್ಲುಜ್ಜದೆ ಬಿಟ್ಟರೆ ವಸಡಿನದ್ದು ಇನ್ನೂ ಕೆಡುತ್ತದೆ.

ನಾನು ಒಂದು ಸಣ್ಣ ಪುಸ್ತಕ ಇಟ್ಟಿದ್ದೇನೆ. ತಾರೀಕು, ಉರಿ ಹತ್ತರಲ್ಲಿ ಎಷ್ಟು, ಹಿಂದಿನ ದಿನ ಏನು ತಿಂದದ್ದು, ಹೊಸ ಮಾತ್ರೆ ಏನಾದರೂ ಉಂಟೋ, ಇಷ್ಟೇ. ಟೊಮೆಟೊ ಸಾರು ನನಗೆ ಆಗದೆಂದು ಗೊತ್ತಾದದ್ದು ಆ ಪುಸ್ತಕದಿಂದ. ಹಾಗೆಯೇ ಬದನೆಯ ಮೇಲೆ ಇದ್ದ ಸಂಶಯ ಸುಳ್ಳೆಂದು ತಿಳಿದದ್ದೂ ಅದರಿಂದಲೇ. ನಾಲ್ಕು ವರ್ಷ ಬಿಟ್ಟ ಬದನೆಯನ್ನು ಈಗ ತಿನ್ನುತ್ತೇನೆ. ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಮೊಮ್ಮಗನ ಕೈಯಲ್ಲಿ ಬಾಯಿಯ ಫೋಟೋ ತೆಗೆಸಿಡುತ್ತೇನೆ. ಡಾಕ್ಟರಿಗೆ ಹೋಲಿಸಿ ನೋಡಲು ಅದು ಬಹಳ ಉಪಕಾರ.

ತಾಯಂದಿರಿಗೆ, ಅಕ್ಕತಂಗಿಯರಿಗೆ ಒಂದು ಮಾತು. ಈ ಕಾಯಿಲೆ ಬಾಯಿಯಂತೆಯೇ ಗುಪ್ತ ಜಾಗದಲ್ಲಿಯೂ ಬರುತ್ತದೆ, ಉರಿ, ನೋವು ಕೊಡುತ್ತದೆ, ಬಿಟ್ಟರೆ ಅಂಟಿ ಮುಚ್ಚಿಕೊಳ್ಳುವುದೂ ಉಂಟು. ಬಾಯಿ ತೋರಿಸಲು ಹೋದವರು ಅದನ್ನೂ ಹೇಳಬೇಕು. ಗಂಡಸು ಡಾಕ್ಟರಲ್ಲಿ ನಾಚಿಕೆಯಾದರೆ ಹೆಂಗಸು ಡಾಕ್ಟರಿಗೆ ಚೀಟಿ ಬರೆಸಿಕೊಳ್ಳಿ. ಇದು ಯಾವ ಕೆಟ್ಟ ಸಂಬಂಧದಿಂದಲೂ ಬಂದದ್ದಲ್ಲ ಎಂಬುದನ್ನು ಮನೆಯ ಗಂಡಸರು ತಿಳಿದಿರಬೇಕು.

ತೋರಿಸುವುದು ಎಲ್ಲಿ? ಚರ್ಮದ ಡಾಕ್ಟರಲ್ಲಿ, ಇಲ್ಲವೆ ದಂತ ವೈದ್ಯಕೀಯ ಕಾಲೇಜಿನ ಓರಲ್ ಮೆಡಿಸಿನ್ ಎಂಬ ವಿಭಾಗದಲ್ಲಿ. ನಾವು ಗಡಿಯವರು, ಕೆಲವರು ಮಂಗಳೂರಿಗೆ ಹೋಗುತ್ತೇವೆ, ಕೆಲವರು ಪರಿಯಾರಕ್ಕೆ. ತೆಂಕಲಾಗಿ ಹೋದರೆ ಮಾತು ಮಲೆಯಾಳ. ನಮ್ಮ ಹಳ್ಳಿಯ ಹಿರಿಯರು ಪೇಟೆಯ ಮಲೆಯಾಳ ಬಲ್ಲರು, ಕಾಯಿಲೆಯ ಮಲೆಯಾಳ ತಿಳಿಯದೆ ತಬ್ಬಿಬ್ಬಾಗುತ್ತಾರೆ. ನೆನಪಿಡಿ: ನಮ್ಮ ಉರಿ ಅವರ ಪುಗಚ್ಚಿಲ್, ನಮ್ಮ ತುರಿಕೆ ಅವರ ಚೊರಿಚ್ಚಿಲ್, ಬಾಯಿಹುಣ್ಣು ವಾಯ್‌ಪುಣ್ಣ್, ಖಾರ ಎಂದರೆ ಎರಿವ್. ‘ಉಷ್ಣ’ ಎಂದು ಹೇಳಿದರೆ ಅವರು ಜ್ವರದ ಕಡ್ಡಿ ಇಟ್ಟಾರು.

ಎರಡು ರಾಜ್ಯದ ಆಸ್ಪತ್ರೆಗಳನ್ನು ನಂಬಿದವರಿಗೆ ಇನ್ನೊಂದು ತಾಪತ್ರಯ ಇದೆ. 2020ರ ಮಾರ್ಚಿನಲ್ಲಿ ಕೊರೋನದಿಂದಾಗಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಡಾಕ್ಟರನ್ನು ನಂಬಿದ ನಮ್ಮ ಕಡೆಯ ಎಷ್ಟೋ ರೋಗಿಗಳು ಈಚೆಯೇ ಉಳಿದರು. ಮದ್ದಿನ ಕಂಪೆನಿಯ ಹೆಸರು ಮಾತ್ರ ಗೊತ್ತಿದ್ದವರಿಗೆ ಇಲ್ಲಿಯ ಅಂಗಡಿಯಲ್ಲಿ ಅದು ಸಿಗಲಿಲ್ಲ. ಮದ್ದಿನ ಮೂಲ ಹೆಸರು ಬರೆದಿಟ್ಟವರಿಗೆ ಬೇರೆ ಕಂಪೆನಿಯದ್ದು ಸಿಕ್ಕಿತು. ಆದ್ದರಿಂದ ಒಂದು ರಟ್ಟಿನ ತುಂಡಿನಲ್ಲಿ ಕಾಯಿಲೆಯ ಹೆಸರು, ಬಯಾಪ್ಸಿ ಮಾಡಿದ ತಾರೀಕು ಮತ್ತು ಫಲ, ಮದ್ದಿನ ಮೂಲ ಹೆಸರು ಮತ್ತು ಪ್ರಮಾಣ, ಆಗದ ಮದ್ದು ಯಾವುದು, ಮುಂದಿನ ತಪಾಸಣೆಯ ತಾರೀಕು, ಇಷ್ಟನ್ನು ಡಾಕ್ಟರ ಕೈಯಲ್ಲೇ ಇಂಗ್ಲಿಷಿನಲ್ಲಿ ಬರೆಸಿ, ಕೆಳಗೆ ಕನ್ನಡದಲ್ಲಿ ನೀವೂ ಬರೆದುಕೊಳ್ಳಿ. ಅಕ್ಕನ ರಟ್ಟು ಅವಳ ರೇಶನ್ ಕಾರ್ಡಿನ ಒಳಗೆ ಇರುತ್ತದೆ, ನನ್ನದು ಪಾಸ್‌ಬುಕ್ಕಿನ ಒಳಗೆ. ಅವಳ ಮುಂದಿನ ತಾರೀಕು ಬರುವ ತಿಂಗಳು ಹದಿನಾಲ್ಕು, ನನ್ನದೂ ಅಂದೇ ಮಾಡಿಸಿಕೊಂಡಿದ್ದೇನೆ, ಬಸ್ಸಿನಲ್ಲಿ ಜೊತೆಗೆ ಹೋಗಬಹುದು ಎಂದು.